ಬಾಗಿಲೊಳಗೊಂದು ಬಾಗಿಲು

ನಟ್ಟೊ ಎಂಬ ಒಗಟು

ಹೃದಯದ ವಾಲ್ವ್ ಬದಲಾಯಿಸಿಕೊಂಡವರು ನಿಮ್ಮ ಬಂಧುಬಳಗದಲ್ಲಿದ್ದರೆ ಒಂದು ಮಾತು ಕಿವಿಗೆ ಬಿದ್ದೇ ಇರುತ್ತದೆ: ‘ಡಾಕ್ಟರು ಸೊಪ್ಪು ಅಳತೆ ಮೀರಬೇಡಿ ಅಂದಿದ್ದಾರೆ.’ ಆಗಾಗ ರಕ್ತಪರೀಕ್ಷೆ, ಅದರಲ್ಲಿ ಐಎನ್‌ಆರ್ ಎಂಬೊಂದು ಸಂಖ್ಯೆ. ಸಂಖ್ಯೆ ಏರಿದರೆ ಮಾತ್ರೆ ಅರ್ಧ, ಇಳಿದರೆ ಒಂದೂವರೆ. ಎದೆಯೊಳಗಿನ ಕವಾಟಕ್ಕೂ ತಟ್ಟೆಯಲ್ಲಿರುವ ದಂಟಿನ ಸೊಪ್ಪಿಗೂ ಏನು ನಂಟು?

ಜಪಾನಿನಲ್ಲಿ ಈ ಪಥ್ಯದ ಹೆಸರು ನಟ್ಟೊ. ಬೇಯಿಸಿದ ಸೋಯಾ ಕಾಳನ್ನು ಬ್ಯಾಕ್ಟೀರಿಯಾ ಹಾಕಿ ಹುದುಗಿಸಿದ ತಿನಿಸು ಅದು. ಕಡ್ಡಿಗಳಿಂದ ಗರಗರ ತಿರುಗಿಸಿದರೆ ಬೆಂಡೆಕಾಯಿ ಲೋಳೆಯನ್ನೂ ಮೀರಿಸುವ ನೂಲು ಏಳುತ್ತದೆ. ಬೆಳಗಿನ ಬಿಸಿ ಅನ್ನದ ಮೇಲೆ ಅದನ್ನು ಸುರಿದುಕೊಂಡು ತಿನ್ನುತ್ತಾರೆ. ವಾಸನೆ ಜೋರು, ಆದರೆ ಒಗ್ಗಿದವರಿಗೆ ಅದಿಲ್ಲದೆ ಬೆಳಗಾಗುವುದಿಲ್ಲ. ಟೋಕಿಯೊದ ಈಶಾನ್ಯಕ್ಕಿರುವ ಮಿಟೊ ನಗರವಂತೂ ನಟ್ಟೊಗೇ ಹೆಸರುವಾಸಿ. ಲೋಹದ ಕವಾಟ ಹಾಕಿಸಿಕೊಂಡ ಜಪಾನಿಗೆ ವೈದ್ಯರು ಮೊದಲು ಬಿಡಿಸುವುದು ಇದನ್ನೇ.

ಕಾರಣ ಸರಳ. ನಮ್ಮ ಯಕೃತ್ತು ರಕ್ತ ಹೆಪ್ಪುಗಟ್ಟಿಸುವ ಸರಕನ್ನು ತಯಾರಿಸುವಾಗ ವಿಟಮಿನ್ ‘ಕೆ’ ಬಳಸುತ್ತದೆ. ಲೋಹದ ಕವಾಟಕ್ಕೆ ರಕ್ತ ಹೆಪ್ಪುಗಟ್ಟದಿರಲಿ ಎಂದು ಕೊಡುವ ವಾರ್ಫರಿನ್ ಎಂಬ ಮಾತ್ರೆ ಆ ವಿಟಮಿನ್ನಿನ ಕೈ ಕಟ್ಟುತ್ತದೆ. ಸೊಪ್ಪಿನಲ್ಲಿ ವಿಟಮಿನ್ ‘ಕೆ’ ಇದೆ. ನಟ್ಟೊದಲ್ಲಿ ಅದು ಅತಿಯಾಗಿದೆ, ಕಾಳು ಹುದುಗಿಸುವ ಬ್ಯಾಕ್ಟೀರಿಯಾವೇ ಅದನ್ನು ತಯಾರಿಸಿ ಸುರಿಯುತ್ತದೆ. ಹಾಗಾಗಿ ಒಂದು ಬಟ್ಟಲು ನಟ್ಟೊ ಮಾತ್ರೆಯ ಕೆಲಸವನ್ನು ಕೆಡಿಸಬಲ್ಲದು.

ಮಿಟೊದಲ್ಲಿ ಎಪ್ಪತ್ತು ವರ್ಷದ ಅಜ್ಜಿಯೊಬ್ಬರಿದ್ದಾರೆ ಎಂದು ಕಲ್ಪಿಸಿಕೊಳ್ಳೋಣ. ಕವಾಟ ಕೆಟ್ಟಿದೆ, ಬದಲಾಯಿಸಲೇಬೇಕು. ‘ನಟ್ಟೊ ಬಿಡದೆ ಬದುಕುವಂಥ ಕವಾಟ ಇಲ್ಲವೇ?’ ಎಂದು ಅಜ್ಜಿ ಕೇಳುತ್ತಾರೆ. ಇದೆ. ಪ್ರಾಣಿಯ ಅಂಗಾಂಶದಿಂದ ಮಾಡಿದ ಜೈವಿಕ ಕವಾಟ. ಅದನ್ನು ಹಾಕಿಸಿಕೊಂಡವರಿಗೆ ಬೇರೆ ಕಾರಣವಿಲ್ಲದಿದ್ದರೆ ಜೀವನಪೂರ್ತಿ ವಾರ್ಫರಿನ್ ಬೇಕಿಲ್ಲ. ಆದರೆ ಅದು ಸವೆಯುತ್ತದೆ. ಸಾಮಾನ್ಯವಾಗಿ ಹತ್ತು–ಹದಿನೈದು ವರ್ಷಗಳಲ್ಲಿ ಮತ್ತೆ ಕೆಡುತ್ತದೆ. ಹದಿನಾಲ್ಕನೆಯ ವರ್ಷಕ್ಕೆ ಕೆಟ್ಟಿತೆನ್ನೋಣ, ಆಗ ಅಜ್ಜಿಗೆ ಎಂಬತ್ತನಾಲ್ಕು.

ಜಪಾನಿನಲ್ಲಿ ಇದು ಬರಿಯ ಕಲ್ಪನೆಯ ಲೆಕ್ಕವಲ್ಲ. 2023ರಲ್ಲಿ ಅಲ್ಲಿನ ಹೆಂಗಸರ ಸರಾಸರಿ ಆಯುಷ್ಯ 87 ವರ್ಷ ದಾಟಿತ್ತು, ಜನಸಂಖ್ಯೆಯ ನೂರಕ್ಕೆ 29 ಮಂದಿ 65 ಮೀರಿದವರು. ಎಪ್ಪತ್ತು ಮುಟ್ಟಿದ ಹೆಂಗಸು ಇನ್ನೂ ಸುಮಾರು 20 ವರ್ಷ ಬದುಕುವ ನಾಡದು. ಕವಾಟದ ಆಯುಷ್ಯಕ್ಕಿಂತ ಅದನ್ನು ಹೊತ್ತವರ ಆಯುಷ್ಯ ಉದ್ದ. ಹಾಗಾದರೆ ಎಂಬತ್ತನಾಲ್ಕರಲ್ಲಿ ಎದೆಯನ್ನು ಮತ್ತೆ ಸೀಳಬೇಕೆ, ಅಥವಾ ತೊಡೆಸಂದಿನಿಂದ ಒಂದು ಕೊಳವೆ ತೂರಿಸಿ ಕೆಲಸ ಮುಗಿಸಬಹುದೆ?

ಒಂದೇ ಮೂಲೆಯಲ್ಲಿ ಎರಡು ಬಾಗಿಲು

ಹೃದಯದಲ್ಲಿ ನಾಲ್ಕು ಕೋಣೆ, ನಾಲ್ಕು ಕವಾಟ. ನಮಗೆ ಬೇಕಾದದ್ದು ಎಡಭಾಗ. ಶ್ವಾಸಕೋಶದಿಂದ ಬಂದ ಶುದ್ಧ ರಕ್ತ ಎಡ ಮೇಲ್ಕೋಣೆಯಲ್ಲಿ ತುಂಬುತ್ತದೆ, ಅಲ್ಲಿಂದ ಕೆಳಕೋಣೆಗೆ ಇಳಿಯುತ್ತದೆ. ಕೆಳಕೋಣೆ ಹಿಂಡಿದಾಗ ಮಹಾಪಧಮನಿಗೆ ಚಿಮ್ಮಿ ಮೈಯೆಲ್ಲ ಹರಿಯುತ್ತದೆ. ಮೇಲ್ಕೋಣೆಗೂ ಕೆಳಕೋಣೆಗೂ ನಡುವೆ ಇರುವುದೇ ಮೈಟ್ರಲ್ ಕವಾಟ. ಎರಡು ಎಸಳಿನ ಈ ಕವಾಟ ಬಿಷಪ್ಪರ ಎರಡು ಮೊನೆಯ ಟೊಪ್ಪಿಯನ್ನು, ಅಂದರೆ ಮೈಟರನ್ನು, ಹೋಲುವುದರಿಂದ ಆ ಹೆಸರು. ಕನ್ನಡದಲ್ಲಿ ದ್ವಿದಳ ಕವಾಟ ಎನ್ನೋಣ. ದಿನಕ್ಕೆ ಸುಮಾರು ಒಂದು ಲಕ್ಷ ಸಲ, ವರ್ಷಕ್ಕೆ ಮೂರೂವರೆ ಕೋಟಿಗೂ ಹೆಚ್ಚು ಸಲ ಅದು ತೆರೆದು ಮುಚ್ಚುತ್ತದೆ.

ಕೆಳಕೋಣೆಯ ಒಳಬಾಗಿಲೂ ಹೊರಬಾಗಿಲೂ ಎದುರುಬದುರು ಗೋಡೆಗಳಲ್ಲಿಲ್ಲ. ಎರಡೂ ಒಂದೇ ಮೂಲೆಯಲ್ಲಿ, ಮೈಗೆ ಮೈ ತಾಗಿಸಿಕೊಂಡಿವೆ. ರಕ್ತ ಮೇಲಿನಿಂದ ಇಳಿದು, ಕೋಣೆಯ ತುದಿಯಲ್ಲಿ ಹೊರಳಿ, ಬಂದ ಬಾಗಿಲಿನ ಪಕ್ಕದಲ್ಲೇ ಹೊರಗೆ ಹೋಗಬೇಕು. ಎರಡು ದಾರಿಗಳ ನಡುವೆ ಇರುವುದು ದ್ವಿದಳ ಕವಾಟದ ಮುಂದಿನ ಎಸಳು ಮಾತ್ರ.

ಹಳೆಯ ತೊಟ್ಟಿಮನೆಗಳಲ್ಲಿ ಅಡುಗೆಮನೆಯ ಬಾಗಿಲೂ ಉಗ್ರಾಣದ ಬಾಗಿಲೂ ಒಂದೇ ಮೂಲೆಗೆ ಬಂದಿರುವುದನ್ನು ನೀವು ನೋಡಿರಬಹುದು. ಅಡುಗೆಮನೆಯ ಕದ ಪೂರ್ತಿ ತೆರೆದರೆ ಉಗ್ರಾಣದ ಬಾಗಿಲಿಗೆ ಅದು ಅಡ್ಡ ನಿಲ್ಲುತ್ತದೆ. ಯಾರಾದರೂ ಉಗ್ರಾಣದಿಂದ ಬರುವಾಗ ಇನ್ನೊಬ್ಬರು ಆ ಕದ ಮುಚ್ಚಿ ದಾರಿ ಬಿಡುತ್ತಾರೆ. ಹೃದಯವೂ ಹೀಗೇ ನಡೆಯುತ್ತದೆ. ರಕ್ತ ಹೊರಡುವ ಹೊತ್ತಿಗೆ ಒಳಬಾಗಿಲಿನ ಕದ ಮುಚ್ಚಿಕೊಂಡು ಪಕ್ಕಕ್ಕೆ ಸರಿದಿರುತ್ತದೆ. ಆ ಕದವನ್ನು ಯಾರಾದರೂ ತೆರೆದ ಹಾಗೆಯೇ ಮೊಳೆ ಹೊಡೆದು ನಿಲ್ಲಿಸಿದರೆ? ಈ ಪ್ರಶ್ನೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹದ ಮಾಡಿದ ಚರ್ಮ

ಮನುಷ್ಯನ ದ್ವಿದಳ ಕವಾಟವನ್ನು ಪೂರ್ತಿ ಬದಲಿಸುವ ಸಾಹಸ ಫಲಿಸಿದ್ದು 1960ರಲ್ಲಿ. ಆ ವರ್ಷದ ಮಾರ್ಚಿನಲ್ಲಿ ಅಮೆರಿಕದ ನೀನಾ ಬ್ರಾನ್‌ವಾಲ್ಡ್ ತಾವೇ ರೂಪಿಸಿದ ಪಾಲಿಯುರೆಥೇನ್ ಕವಾಟವನ್ನು ಹೊಲಿದರು. ಸೆಪ್ಟೆಂಬರಿನಲ್ಲಿ ಪೋರ್ಟ್‌ಲ್ಯಾಂಡಿನ ಆಲ್ಬರ್ಟ್ ಸ್ಟಾರ್, ನೀರಿನ ಒತ್ತಡದ ಯಂತ್ರಗಳಲ್ಲಿ ಪಳಗಿದ್ದ ನಿವೃತ್ತ ಎಂಜಿನಿಯರ್ ಲೊವೆಲ್ ಎಡ್ವರ್ಡ್ಸ್ ಜೊತೆ ಸೇರಿ, ಪಂಜರದೊಳಗೆ ಚೆಂಡು ಜಿಗಿಯುವ ಕವಾಟವನ್ನು ಕೂರಿಸಿದರು. ಆಮೇಲೆ ಓರೆಯಾಗಿ ತಿರುಗುವ ಬಿಲ್ಲೆಯ ಕವಾಟಗಳು ಬಂದವು. ಜಪಾನಿನ ಸಪ್ಪೊರೊದಲ್ಲಿ ಜುರೊ ವಾಡಾ ಅಂಥದ್ದೊಂದನ್ನು 1960ರ ದಶಕದಲ್ಲೇ ರೂಪಿಸಿದ್ದರು. ನಮ್ಮ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಬಿಲ್ಲೆ ಕವಾಟ 1990ರ ಡಿಸೆಂಬರಿನಲ್ಲಿ ಮೊದಲ ರೋಗಿಯ ಎದೆ ಸೇರಿತು.

ಇವುಗಳಿಗೆಲ್ಲ ಒಂದೇ ಕೊರತೆ. ಲೋಹವನ್ನೂ ಪ್ಲಾಸ್ಟಿಕ್ಕನ್ನೂ ಕಂಡರೆ ರಕ್ತ ಹೆಪ್ಪುಗಟ್ಟುತ್ತದೆ. ಅದಕ್ಕೇ ಜೀವನಪೂರ್ತಿ ವಾರ್ಫರಿನ್, ಅದಕ್ಕೇ ಸೊಪ್ಪು–ನಟ್ಟೊಗಳ ಪಥ್ಯ. ಹೊಸ ಕಾಲದ ರಕ್ತ ತೆಳುವಾಗಿಸುವ ಮಾತ್ರೆಗಳಿಗೆ ನಟ್ಟೊ ಅಡ್ಡಿಯಲ್ಲ. ಆದರೆ ಲೋಹದ ಕವಾಟದ ಮುಂದೆ ಅವು ಸೋತವು. ದಬಿಗಾಟ್ರಾನ್ ಎಂಬ ಮಾತ್ರೆಯನ್ನು ಅದಕ್ಕಾಗಿ ಒರೆಗೆ ಹಚ್ಚಿದಾಗ ಹೆಪ್ಪೂ ರಕ್ತಸ್ರಾವವೂ ಎರಡೂ ಹೆಚ್ಚಿ, ಪ್ರಯೋಗವನ್ನೇ ನಡುವೆ ನಿಲ್ಲಿಸಬೇಕಾಯಿತು.

ಪ್ಯಾರಿಸ್ಸಿನ ಶಸ್ತ್ರವೈದ್ಯ ಅಲೆನ್ ಕಾರ್ಪೆಂಟಿಯೆ ಬೇರೆ ದಾರಿ ಹಿಡಿದರು. ಹಂದಿಯ ಹೃದಯದ ಕವಾಟವನ್ನೇ ಬಳಸಿದರೆ ಹೇಗೆ? ಹಸಿ ಕವಾಟ ಮೈಗೆ ಒಗ್ಗದು, ಬೇಗ ಕೊಳೆಯುತ್ತದೆ. ಅವರು ಅದನ್ನು ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಲ್ಲಿ ನೆನೆಸಿದರು. ಅಂಗಾಂಶದ ನಾರುನಾರಿಗೂ ಅದು ಅಡ್ಡಕೊಂಡಿ ಹಾಕಿ ಬಿಗಿಯುತ್ತದೆ. ಚಮ್ಮಾರರ ಭಾಷೆಯಲ್ಲಿ ಹೇಳುವುದಾದರೆ ಚರ್ಮ ಹದ ಮಾಡಿದರು. ಹಸಿ ತೊಗಲು ಕೊಳೆತೀತು, ಹದ ಮಾಡಿದ ಚಪ್ಪಲಿ ಕೊಳೆಯದು. ಆಮೇಲೆ ದನದ ಹೃದಯವನ್ನು ಸುತ್ತಿರುವ ಪೊರೆಯನ್ನೂ ಹೀಗೆಯೇ ಹದ ಮಾಡಿ, ಮೂರು ಎಸಳುಗಳಾಗಿ ಕತ್ತರಿಸಿ, ಮೂರು ಗೂಟವಿರುವ ಉಂಗುರಕ್ಕೆ ಹೊಲಿಯುವುದು ರೂಢಿಯಾಯಿತು. 2007ರ ಲಾಸ್ಕರ್ ಪ್ರಶಸ್ತಿಯನ್ನು ಸ್ಟಾರ್ ಮತ್ತು ಕಾರ್ಪೆಂಟಿಯೆ ಹಂಚಿಕೊಂಡರು.

ಹಂಡೆಗೆ ಕಟ್ಟುವ ಸುಣ್ಣ

ಹದ ಮಾಡಿದ ಚರ್ಮ ಕೊಳೆಯುವುದಿಲ್ಲ ನಿಜ, ಆದರೆ ಅದು ಸತ್ತ ಚರ್ಮ. ಜೀವಂತ ಎಸಳು ತನ್ನ ಬಿರುಕನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ, ಇದು ಮಾಡಿಕೊಳ್ಳಲಾರದು. ಸತ್ತ ಜೀವಕೋಶಗಳ ಕೊಬ್ಬಿನ ಚೂರುಗಳಿಗೆ ರಕ್ತದ ಸುಣ್ಣ ಅಂಟಿಕೊಳ್ಳುತ್ತದೆ. ಕೋಲಾರದ ಕಡೆ ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಬೆಳ್ಳಗೆ ಪೊರೆ ಕಟ್ಟುತ್ತದಲ್ಲ, ಹಾಗೆ. ಮೊದಲು ಒಂದು ಚುಕ್ಕೆ, ಆಮೇಲೆ ಪದರ. ಬಟ್ಟೆಯಂತೆ ಮಡಿಸಿಕೊಳ್ಳುತ್ತಿದ್ದ ಎಸಳು ಹಪ್ಪಳದಂತಾಗುತ್ತದೆ.

ಹಪ್ಪಳವಾದ ಎಸಳಿಗೆ ಎರಡು ಗತಿ. ಒಂದೋ ಪೂರ್ತಿ ತೆರೆಯದೆ ದಾರಿ ಕಿರಿದಾಗುತ್ತದೆ, ಇಲ್ಲವೇ ಬಿರಿದು ಸೋರುತ್ತದೆ. ಎರಡರಲ್ಲೂ ರಕ್ತ ಹಿಂದಕ್ಕೆ, ಶ್ವಾಸಕೋಶದ ಕಡೆಗೆ ಒತ್ತರಿಸುತ್ತದೆ. ಅಜ್ಜಿಗೆ ಮೆಟ್ಟಿಲು ಹತ್ತುವಾಗ ಏದುಸಿರು, ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ಪಾದ ಊದುತ್ತದೆ.

ಇದೇ ಜೈವಿಕ ಕವಾಟವನ್ನು ಮಹಾಪಧಮನಿಯ ಬಾಗಿಲಿಗೆ ಕೂರಿಸಿದರೆ ಸಾಮಾನ್ಯವಾಗಿ ಇನ್ನಷ್ಟು ಕಾಲ ಬಾಳುತ್ತದೆ. ಅಲ್ಲಿ ಮುಚ್ಚಿದ ಕದ ತಡೆಯಬೇಕಾದದ್ದು ಬಿಪಿಯ ಕೆಳಗಿನ ಅಂಕಿಯನ್ನು, ಸುಮಾರು 80ನ್ನು. ದ್ವಿದಳದ ಸ್ಥಾನದಲ್ಲಿ ತಡೆಯಬೇಕಾದದ್ದು ಮೇಲಿನ ಅಂಕಿಯನ್ನು, ಸುಮಾರು 120ನ್ನು. ದಿನಕ್ಕೆ ಲಕ್ಷ ಸಲ, ಹೆಚ್ಚಿನ ರಭಸದಲ್ಲಿ ಬಡಿಸಿಕೊಳ್ಳುವ ಕದ ಬೇಗ ಸಡಿಲಾಗುತ್ತದೆ.

ಎದೆಯನ್ನು ಮತ್ತೆ ತೆರೆದರೆ

ಶಸ್ತ್ರಚಿಕಿತ್ಸೆಯ ದಾರಿ ನೇರ. ಎದೆಯ ನಡುಮೂಳೆಯನ್ನು ಗರಗಸದಿಂದ ಸೀಳಿ, ರಕ್ತವನ್ನು ಹೃದಯ–ಶ್ವಾಸಕೋಶ ಯಂತ್ರಕ್ಕೆ ಹರಿಸಿ, ಹೃದಯವನ್ನು ನಿಲ್ಲಿಸಿ, ಕೆಟ್ಟ ಕವಾಟವನ್ನು ಕತ್ತರಿಸಿ ತೆಗೆದು ಹೊಸದನ್ನು ಹೊಲಿಯುವುದು. ಮೊದಲ ಸಲ ಇದು ಪಳಗಿದ ಕೈಗಳಿಗೆ ನಿತ್ಯದ ಕೆಲಸ. ಎರಡನೆಯ ಸಲ ಹಾಗಲ್ಲ.

ಒಮ್ಮೆ ತೆರೆದ ಎದೆಯೊಳಗೆ ಗಾಯ ಮಾಯುವಾಗ ಎಲ್ಲವೂ ಎಲ್ಲಕ್ಕೂ ಅಂಟಿಕೊಂಡಿರುತ್ತದೆ. ಹಲಸಿನ ಮೇಣ ತಾಗಿದ ಎರಡು ಬಟ್ಟೆಗಳನ್ನು ಹರಿಯದೆ ಬಿಡಿಸಿ ನೋಡಿ, ಆ ಕಷ್ಟ ಗೊತ್ತಾಗುತ್ತದೆ. ಹೃದಯದ ಬಲ ಕೆಳಕೋಣೆ ಮೂಳೆಯ ಹಿಂಬದಿಗೇ ಕಚ್ಚಿಕೊಂಡಿರಬಹುದು. ಗರಗಸ ಒಂದು ಕೂದಲೆಳೆ ಆಳ ಹೋದರೆ ರಕ್ತದ ಬುಗ್ಗೆ. ಅದಕ್ಕೇ ಮೊದಲು ಸಿಟಿ ಸ್ಕ್ಯಾನ್ ತೆಗೆದು ಮೂಳೆಗೂ ಹೃದಯಕ್ಕೂ ಎಷ್ಟು ಎಡೆಯಿದೆ ಎಂದು ಅಳೆಯುತ್ತಾರೆ. ಎಷ್ಟೋ ಕಡೆ ಮೂಳೆಯ ಗೊಡವೆಗೇ ಹೋಗದೆ ಬಲಪಕ್ಕೆಯ ಎಲುಬುಗಳ ನಡುವಿನಿಂದ ಸಣ್ಣ ಕಿಂಡಿ ಮಾಡಿ ಒಳಹೊಗುತ್ತಾರೆ.

ಇಷ್ಟು ಕಷ್ಟಕ್ಕೆ ತಕ್ಕ ಫಲವೂ ಇದೆ. ಹಳೆಯದು ಪೂರ್ತಿ ಹೊರಗೆ ಬರುತ್ತದೆ, ಹೊಸದಕ್ಕೆ ಪೂರ್ತಿ ಜಾಗ ಸಿಗುತ್ತದೆ. ಹೃದಯದ ಬಲಭಾಗದ ಮೂರೆಸಳಿನ ಕವಾಟ ಸೋರುತ್ತಿದ್ದರೆ ಅದನ್ನೂ ಸರಿಮಾಡಬಹುದು. ಎಂಬತ್ತನಾಲ್ಕರ ಅಜ್ಜಿಯ ಮೂತ್ರಪಿಂಡ, ಶ್ವಾಸಕೋಶ, ಸ್ನಾಯುಗಳು ಆ ಯಂತ್ರದ ಗಂಟೆಗಳನ್ನು ತಾಳುತ್ತವೆಯೇ ಎಂಬುದು ಬೇರೆ ಮಾತು.

ಕ್ಯೋಟೊದ ಬಲೂನು

ಇನ್ನೊಂದು ದಾರಿಯ ಕಥೆಯಲ್ಲಿ ಜಪಾನಿಗೆ ದೊಡ್ಡ ಪಾಲಿದೆ. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಜಪಾನಿನಲ್ಲೂ, ಇಂದಿಗೂ ನಮ್ಮಲ್ಲಿರುವಂತೆ, ಗಂಟಲುನೋವಿನ ಬೆನ್ನಿಗೆ ಬರುವ ಸಂಧಿವಾತ ಜ್ವರ ಮಕ್ಕಳ ಹೃದಯವನ್ನು ಕೆಡಿಸುತ್ತಿತ್ತು. ದ್ವಿದಳ ಕವಾಟದ ಎಸಳುಗಳು ಅಂಚಿನಲ್ಲಿ ಒಂದಕ್ಕೊಂದು ಬೆಸೆದು ದಾರಿ ಗುಂಡಿಮನೆಯಷ್ಟಾಗುತ್ತಿತ್ತು. ಕ್ಯೋಟೊದ ಕಾಂಜಿ ಇನೊವೆ ಸ್ವತಃ ಶಸ್ತ್ರವೈದ್ಯರು, ಆದರೂ ಎದೆ ಸೀಳದೆ ಇದನ್ನು ಬಿಡಿಸುವುದು ಹೇಗೆಂದು ಯೋಚಿಸಿದರು. ಎರಡು ಪದರ ರಬ್ಬರಿನ ನಡುವೆ ನೈಲಾನ್ ಬಲೆ ಸೇರಿಸಿ ಒಂದು ಬಲೂನು ಮಾಡಿದರು. ಊದಿದರೆ ಅದರ ಮುಂದಿನ ಭಾಗ ಮೊದಲು ಉಬ್ಬಿ ಕವಾಟದ ಆಚೆಗೆ ಕೊಕ್ಕೆಯಂತೆ ಕಚ್ಚುತ್ತದೆ. ಆಮೇಲೆ ಹಿಂಭಾಗ ಉಬ್ಬಿ ಡಮರುಗದ ಆಕಾರ ಬರುತ್ತದೆ. ಕೊನೆಗೆ ಡಮರುಗದ ನಡು ಉಬ್ಬಿ ಬೆಸೆದ ಅಂಚುಗಳನ್ನು ಬಿಡಿಸುತ್ತದೆ. 1982ರಲ್ಲಿ ಅದನ್ನು ಮೊದಲ ರೋಗಿಗೆ ಬಳಸಿದರು, 1984ರಲ್ಲಿ ಜಗತ್ತಿಗೆ ವರದಿ ಮಾಡಿದರು.

ಈ ಬಲೂನು ಕವಾಟ ತಲುಪಿದ್ದು ಹೇಗೆ? ತೊಡೆಸಂದಿನ ಅಭಿಧಮನಿಯಿಂದ ಹೊರಟ ಕೊಳವೆ ಹೃದಯದ ಬಲ ಮೇಲ್ಕೋಣೆ ಸೇರುತ್ತದೆ. ನಮಗೆ ಬೇಕಾದದ್ದು ಎಡ ಮೇಲ್ಕೋಣೆ. ಎರಡರ ನಡುವಿನ ಗೋಡೆಯಲ್ಲಿ ತೆಳ್ಳನೆಯ ತಗ್ಗೊಂದಿದೆ. ನಾವೆಲ್ಲ ತಾಯಿಯ ಹೊಟ್ಟೆಯಲ್ಲಿದ್ದಾಗ ಅಲ್ಲೊಂದು ಕಿಂಡಿ ಇತ್ತು, ಹುಟ್ಟಿದ ಮೇಲೆ ಅದು ಮುಚ್ಚಿಕೊಂಡಿತು. ಆ ತಗ್ಗನ್ನು ಸೂಜಿಯಿಂದ ಚುಚ್ಚಿದರೆ ನೇರ ದ್ವಿದಳ ಕವಾಟದ ಮೇಲಂತಸ್ತಿಗೆ ಇಳಿಯಬಹುದು. ಚುಚ್ಚುವ ವಿದ್ಯೆ 1959ರಿಂದಲೂ ಇತ್ತು, ಒತ್ತಡ ಅಳೆಯಲು ಬಳಸುತ್ತಿದ್ದರು. ಆ ಕಾಲುದಾರಿಯನ್ನು ಕವಾಟ ರಿಪೇರಿಯ ಬಂಡಿದಾರಿ ಮಾಡಿದವರು ಇನೊವೆ.

ಜಪಾನಿನಲ್ಲಿ ಸಂಧಿವಾತ ಜ್ವರ ಅಪರೂಪವಾಯಿತು, ಬಲೂನಿಗೆ ತವರಿನಲ್ಲಿ ಕೆಲಸ ಕಡಿಮೆಯಾಯಿತು. ಕೆಲಸ ಸಿಕ್ಕಿದ್ದು ನಮ್ಮಲ್ಲಿ. ಬೆಂಗಳೂರಿನ ಜಯದೇವ ಆಸ್ಪತ್ರೆಯಂಥ ಕಡೆಗಳಲ್ಲಿ ಸಾವಿರಾರು ಬಡ ಯುವತಿಯರು ಎದೆಯ ಮೇಲೆ ಗಾಯವಿಲ್ಲದೆ ಮನೆಗೆ ಮರಳಿದ್ದು ಈ ದಾರಿಯಿಂದಲೇ.

ಕವಾಟದೊಳಗೆ ಕವಾಟ

ಬಲೂನಿನ ಬದಲು ಮಡಿಸಿದ ಕವಾಟವನ್ನೇ ಕಳಿಸಿದರೆ? 2002ರ ಏಪ್ರಿಲ್ 16ರಂದು ಫ್ರಾನ್ಸಿನ ರುವಾನ್‌ನಲ್ಲಿ ಅಲೆನ್ ಕ್ರಿಬಿಯೆ ಮಹಾಪಧಮನಿಯ ಬಾಗಿಲಿಗೆ ಹಾಗೆ ಮಾಡಿ ತೋರಿಸಿದರು. ಜಪಾನಿನಲ್ಲಿ ಈ ವಿದ್ಯೆ 2009ರಲ್ಲಿ ಒಸಾಕಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಆರಂಭವಾಯಿತು, 2013ರ ಅಕ್ಟೋಬರಿನಲ್ಲಿ ಸರ್ಕಾರಿ ಆರೋಗ್ಯ ವಿಮೆಯೊಳಗೆ ಬಂತು. ಅಲ್ಲಿ ಒಂದು ಶಿಸ್ತು ಇಟ್ಟುಕೊಂಡರು: ಹೃದ್ರೋಗ ತಜ್ಞರ ಮತ್ತು ಶಸ್ತ್ರವೈದ್ಯರ ಸಂಘಗಳು ಕೂಡಿ ಕಟ್ಟಿದ ಮಂಡಳಿ ಒಪ್ಪಿದ ಆಸ್ಪತ್ರೆಯಲ್ಲಷ್ಟೇ ಇದನ್ನು ಮಾಡಬೇಕು, ಪ್ರತಿ ರೋಗಿಯೂ ದಾಖಲೆಯಲ್ಲಿ ಸೇರಬೇಕು.

ಕೆಟ್ಟ ಜೈವಿಕ ದ್ವಿದಳ ಕವಾಟದೊಳಗೆ ಹೊಸದನ್ನು ಕೂರಿಸಿದ ಮೊದಲ ವರದಿ 2009ರಲ್ಲಿ ಕೆನಡಾದ ವ್ಯಾಂಕೂವರ್‌ನಿಂದ ಬಂತು. ಆಗ ಪಕ್ಕೆಯನ್ನು ಕೊಂಚ ಸೀಳಿ ಹೃದಯದ ತುದಿಯನ್ನೇ ಚುಚ್ಚಿ ಹೋಗಿದ್ದರು. ಕೊಳವೆಗಳು ತೆಳುವಾಗುತ್ತ ಬಂದ ಹಾಗೆ ಇನೊವೆಯ ದಾರಿ, ಅಂದರೆ ತೊಡೆಯಿಂದ ಗೋಡೆ ಚುಚ್ಚಿ ಇಳಿಯುವ ದಾರಿ, ಮುಖ್ಯವಾಯಿತು. 2017ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ, ಶಸ್ತ್ರಚಿಕಿತ್ಸೆ ತೀರಾ ಅಪಾಯವಾಗಿರುವವರಿಗೆ ಇದನ್ನು ಒಪ್ಪಿತು.

ಕೆಲಸ ಹೀಗೆ ನಡೆಯುತ್ತದೆ. ಕೋಬಾಲ್ಟ್–ಕ್ರೋಮಿಯಂ ಬಲೆಯೊಳಗೆ ದನದ ಪೊರೆಯ ಮೂರು ಎಸಳು. ಅದನ್ನು ಕೊಡೆ ಮಡಿಸಿದಂತೆ ಬಲೂನಿನ ಮೇಲೆ ಹಿಸುಕಿ, ಹೆಚ್ಚುಕಡಿಮೆ ಪೆನ್ಸಿಲಿನಷ್ಟು ದಪ್ಪದ ಕೊಳವೆಯಲ್ಲಿ ಕಳಿಸುತ್ತಾರೆ. ಅನ್ನನಾಳದೊಳಗೆ ಇಳಿಸಿದ ಎಕೋ ಕಣ್ಣು ಗೋಡೆಯ ತಗ್ಗನ್ನು ತೋರಿಸುತ್ತದೆ. ಎಕ್ಸ್‌ರೇ ಪರದೆಯಲ್ಲಿ ಹಳೆಯ ಕವಾಟದ ಲೋಹದ ಚೌಕಟ್ಟು ಗುರಿಯ ಹಾಗೆ ಕಾಣುತ್ತದೆ. ಹೊಸದು ಅದರ ನಡುವೆ ಬಂದಾಗ ವಿದ್ಯುತ್ ತಂತಿಯಿಂದ ಹೃದಯವನ್ನು ನಿಮಿಷಕ್ಕೆ 180ರ ಸುಮಾರಿನಲ್ಲಿ ಬಡಿಸುತ್ತಾರೆ. ಅಷ್ಟು ವೇಗದಲ್ಲಿ ಹೃದಯ ಹಿಂಡಲಾರದೆ ಬರಿದೇ ನಡುಗುತ್ತದೆ. ಆ ಕೆಲವು ಕ್ಷಣಗಳಲ್ಲಿ ಬಲೂನು ಊದುತ್ತಾರೆ. ಕೊಡೆ ಬಿಚ್ಚಿಕೊಂಡು ಹಳೆಯ ಉಂಗುರಕ್ಕೆ ಬಿಗಿಯಾಗಿ ಕಚ್ಚುತ್ತದೆ. ಹೊಲಿಗೆಯಿಲ್ಲ. ಹದಿನಾಲ್ಕು ವರ್ಷದ ಹಿಂದೆ ಶಸ್ತ್ರವೈದ್ಯರು ಹೊಲಿದ ಉಂಗುರವೇ ಇದಕ್ಕೆ ಆಧಾರ.

ಹಳೆಯದು ಲೋಹದ ಕವಾಟವಾಗಿದ್ದರೆ ಈ ದಾರಿ ಇಲ್ಲ, ಲೋಹದ ಬಿಲ್ಲೆಯನ್ನು ಪಕ್ಕಕ್ಕೆ ಒತ್ತರಿಸಲಾಗದು. ಕವಾಟಕ್ಕೆ ಸೋಂಕು ತಗುಲಿದ್ದರೆ ಅದನ್ನು ಒಳಗೇ ಬಿಟ್ಟು ಮೇಲೆ ಹೊಸದನ್ನು ಕೂರಿಸುವುದು ಕೊಳೆತ ತೊಲೆಯ ಮೇಲೆ ಹೊಸ ಸೂರು ಹೊದಿಸಿದಂತೆ. ಸೋರಿಕೆ ಇರುವುದು ಎಸಳುಗಳ ನಡುವೆ ಅಲ್ಲ, ಉಂಗುರದ ಹೊರಗೆ ಹೊಲಿಗೆ ಬಿಟ್ಟ ಜಾಗದಲ್ಲಿ ಎಂದಾದರೆ ಒಳಗಿನ ಹೊಸ ಕವಾಟದಿಂದ ಏನೂ ಉಪಯೋಗವಿಲ್ಲ.

ಮೊಳೆ ಹೊಡೆದ ಕದ

ಈಗ ತೊಟ್ಟಿಮನೆಯ ಮೂಲೆಗೆ ಮರಳೋಣ.

ಕೊಳವೆಯ ದಾರಿಯಲ್ಲಿ ಹಳೆಯ ಕವಾಟ ಹೊರಗೆ ಬರುವುದಿಲ್ಲ. ಕನ್ನಡದಲ್ಲಿ ನಾವು ‘ವಾಲ್ವ್ ಬದಲಾವಣೆ’ ಎನ್ನುತ್ತೇವೆ, ಆದರೆ ಬದಲಾವಣೆ ಎನ್ನುವುದು ಇಲ್ಲಿ ನಿಜವಲ್ಲ. ಹೊಸದು ಉಬ್ಬಿದಾಗ ಹಳೆಯ ಮೂರು ಎಸಳುಗಳು ತೆರೆದ ಸ್ಥಿತಿಯಲ್ಲೇ, ಹೊಸ ಬಲೆಗೂ ಹಳೆಯ ಗೂಟಗಳಿಗೂ ನಡುವೆ ಸಿಕ್ಕಿ ಶಾಶ್ವತವಾಗಿ ನಿಂತುಬಿಡುತ್ತವೆ. ಮೂರು ಕದ ಸೇರಿ ಸುತ್ತುಗೋಡೆಯಾಗುತ್ತವೆ. ಆ ಗೋಡೆ ಕೆಳಕೋಣೆಯೊಳಕ್ಕೆ ಬಾವಿಯ ಬಳೆಯಂತೆ ಚಾಚಿರುತ್ತದೆ.

ಅದರ ಪಕ್ಕದಲ್ಲೇ ಹೊರಬಾಗಿಲಿದೆ. ರಕ್ತ ಹೊರಡಬೇಕಾದದ್ದು ಈ ಬಳೆಗೂ ಹೃದಯದ ನಡುಗೋಡೆಗೂ ಮಧ್ಯೆ ಉಳಿದ ಓಣಿಯಿಂದ. ಓಣಿ ಅಗಲವಾಗಿದ್ದರೆ ಚಿಂತೆಯಿಲ್ಲ. ಕಿರಿದಾಗಿದ್ದರೆ ಕೆಳಕೋಣೆ ಎಷ್ಟು ಹಿಂಡಿದರೂ ರಕ್ತ ಹೊರಗೆ ಹೋಗದು, ಮೇಜಿನ ಮೇಲೇ ಬಿಪಿ ಕುಸಿಯುತ್ತದೆ. ಒಳಬಾಗಿಲನ್ನು ಸರಿಮಾಡಲು ಹೋಗಿ ಹೊರಬಾಗಿಲನ್ನು ಮುಚ್ಚಿದಂತಾಯಿತು.

ಈ ಆಪತ್ತು ಎಷ್ಟು ಸಲ ಬರುತ್ತದೆ ಎಂಬುದು ಎಲ್ಲಿ ಕೂರಿಸಿದ್ದೇವೆ ಎಂಬುದರ ಮೇಲಿದೆ. 2019ರಲ್ಲಿ ಹಲವು ದೇಶಗಳ 521 ರೋಗಿಗಳನ್ನು ಒಟ್ಟುಮಾಡಿ ನೋಡಿದ ಅಧ್ಯಯನದಲ್ಲಿ, ಹಳೆಯ ಜೈವಿಕ ಕವಾಟದೊಳಗೆ ಹೊಸದನ್ನು ಇಟ್ಟವರಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಓಣಿ ಮುಚ್ಚಿತ್ತು. ಸುಣ್ಣಗಟ್ಟಿದ ಹುಟ್ಟುಕವಾಟದೊಳಗೇ ಇಟ್ಟವರಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿಗೆ! ಇಷ್ಟು ಅಂತರ ಏಕೆ? ಹುಟ್ಟುಕವಾಟದ ಮುಂದಿನ ಎಸಳು ಉದ್ದವಾದದ್ದು, ಬಾವುಟದಂತೆ ಓಣಿಗೆ ಅಡ್ಡ ಬೀಳುತ್ತದೆ. ಹಳೆಯ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಸಾಮಾನ್ಯವಾಗಿ ಅದನ್ನು ಕತ್ತರಿಸಿಯೋ ಸರಿಸಿಯೋ ಇರುತ್ತಾರೆ. ಗೂಟಗಳು ಓಣಿಯ ಬಾಯಿಗೆ ಅಡ್ಡ ಬಾರದಂತೆ ಉಂಗುರವನ್ನು ತಿರುಗಿಸಿ ಹೊಲಿದಿರುತ್ತಾರೆ. ಮೊದಲ ಶಸ್ತ್ರವೈದ್ಯರ ಕೈಚಳಕ ಹದಿನಾಲ್ಕು ವರ್ಷಗಳ ನಂತರ ಹೀಗೆ ಕಾಪಾಡುತ್ತದೆ.

ಆದರೂ ಚಿಕ್ಕ ಹೃದಯಗಳಲ್ಲಿ ಲೆಕ್ಕ ಬಿಗಿ. ಸಣ್ಣ ಮೈಕಟ್ಟಿನ ಜಪಾನೀ ಅಜ್ಜಿಯರ ಕೆಳಕೋಣೆ ಚಿಕ್ಕದು, ನಡುಗೋಡೆ ದಪ್ಪಗಾಗಿದ್ದರೆ ಓಣಿ ಇನ್ನೂ ಕಿರಿದು. ಅದಕ್ಕೇ ಮೊದಲೇ ಸಿಟಿ ಸ್ಕ್ಯಾನಿನ ಚಿತ್ರದೊಳಗೆ ಕಂಪ್ಯೂಟರಿನಲ್ಲಿ ಒಂದು ಸುಳ್ಳು ಕವಾಟ ಕೂರಿಸಿ, ಉಳಿಯುವ ಓಣಿಯನ್ನು ಅಳೆಯುತ್ತಾರೆ. ಅದು ಸುಮಾರು 1.7 ಚದರ ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು ದೀಪ. ಆಗ ಕೆಲವೆಡೆ ವಿದ್ಯುತ್ ಹಾಯಿಸಿದ ತಂತಿಯಿಂದ ಅಡ್ಡ ಬರುವ ಎಸಳನ್ನು ಮೊದಲೇ ಸೀಳಿ, ರಕ್ತಕ್ಕೆ ಸಂದು ಮಾಡಿಕೊಡುವ ಚಾಕಚಕ್ಯವನ್ನೂ ಬಳಸುತ್ತಾರೆ. ಅದೂ ಆಗದಿದ್ದರೆ ಹಳೆಯದನ್ನು ಕಿತ್ತು ತೆಗೆಯುವ ಕತ್ತಿಯೇ ಗತಿ.

ಲೋಟದೊಳಗೆ ಲೋಟ

ಉಳಿದ ಒಂದು ಬೆಲೆಯನ್ನು ಪ್ರತಿಯೊಬ್ಬರೂ ಸ್ವಲ್ಪಸ್ವಲ್ಪ ತೆರುತ್ತಾರೆ. ಅಂಗಡಿಯಲ್ಲಿ ಸ್ಟೀಲ್ ಲೋಟಗಳನ್ನು ಒಂದರೊಳಗೊಂದು ಇಟ್ಟಿರುತ್ತಾರಲ್ಲ, ಒಳಗಿನ ಲೋಟದಲ್ಲಿ ಹಿಡಿಯುವ ನೀರು ಹೊರಗಿನದಕ್ಕಿಂತ ಕಡಿಮೆಯೇ. ಬಾಯಿ 27 ಮಿಲಿಮೀಟರಿದ್ದದ್ದು 23ಕ್ಕೆ ಇಳಿಯಿತೆನ್ನೋಣ. ಬರೀ 4 ಮಿಲಿಮೀಟರು ಅನಿಸುತ್ತದೆ. ಆದರೆ ದುಂಡನೆಯ ಬಾಯಿಯ ವಿಸ್ತೀರ್ಣ ನೂರಕ್ಕೆ 27ರಷ್ಟು ಹೋಯಿತು. ಅದೇ ರಕ್ತ ಅದೇ ಹೊತ್ತಿನಲ್ಲಿ ದಾಟಬೇಕಾದರೆ ವೇಗ ಹೆಚ್ಚಬೇಕು, ಆ ವೇಗಕ್ಕೆ ಬೇಕಾದ ಒತ್ತಡ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆ ಒತ್ತಡ ಬೀಳುವುದು ಹಿಂದಿರುವ ಶ್ವಾಸಕೋಶದ ಮೇಲೆ.

ಎಂಬತ್ತನಾಲ್ಕರ ಅಜ್ಜಿ ಮನೆಯಂಗಳದಲ್ಲಿ ಓಡಾಡಿದರೆ ಸಾಕು ಎಂದಾದರೆ ಇದು ತಡೆಯುವ ಬೆಲೆ. ಐವತ್ತೈದರ ಮೀನುಗಾರನಿಗೆ ಅಲ್ಲ. ಅವನಿಗೆ ಈ ಎರಡನೆಯ ಲೋಟವೂ ಸವೆದಾಗ ಮೂರನೆಯದಕ್ಕೆ ಜಾಗವೆಲ್ಲಿ? ಕತ್ತಿಯ ದಾರಿ ಲೋಟದ ಸಾಲನ್ನು ಮತ್ತೆ ಮೊದಲಿನಿಂದ ಆರಂಭಿಸಿಕೊಡುತ್ತದೆ.

ಅಂಕಿಗಳನ್ನು ಓದುವಾಗ

2020ರಲ್ಲಿ ಅಮೆರಿಕದ ದಾಖಲೆಗಳಿಂದ 1,529 ರೋಗಿಗಳ ಲೆಕ್ಕ ಹೊರಬಂತು. ಎಲ್ಲರಿಗೂ ಕವಾಟದೊಳಗೆ ಕವಾಟ. ಮತ್ತೆ ಎದೆ ತೆರೆದಿದ್ದರೆ ನೂರಕ್ಕೆ ಸುಮಾರು 11 ಮಂದಿ ಸಾಯಬಹುದಿತ್ತು ಎಂಬುದು ಅವರ ಬಗ್ಗೆ ಮೊದಲೇ ಇದ್ದ ಅಂದಾಜು. ಕೊಳವೆಯ ದಾರಿಯಲ್ಲಿ ಒಂದು ತಿಂಗಳೊಳಗೆ ತೀರಿಕೊಂಡವರು ನೂರಕ್ಕೆ 5ಕ್ಕಿಂತ ತುಸು ಹೆಚ್ಚು. ಹೃದಯದ ತುದಿ ಚುಚ್ಚಿ ಹೋದವರಲ್ಲಿ ಒಂದು ವರ್ಷದೊಳಗೆ ನೂರಕ್ಕೆ ಸುಮಾರು 22 ಮಂದಿ, ಇನೊವೆಯ ದಾರಿಯಲ್ಲಿ ಹೋದವರಲ್ಲಿ ಸುಮಾರು 16 ಮಂದಿ ತೀರಿಕೊಂಡರು.

‘ಹಾಗಾದರೆ ಕೊಳವೆಯೇ ಮೇಲು’ ಎಂದು ಇದರಿಂದ ತೀರ್ಮಾನಿಸಿದರೆ ಎಡವುತ್ತೇವೆ. ಕೊಳವೆಗೆ ಬರುವವರು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಡವೆಂದು ಕಳಿಸಲ್ಪಟ್ಟ ವೃದ್ಧರು, ಕತ್ತಿಗೆ ಹೋಗುವವರು ಗಟ್ಟಿಮುಟ್ಟಾದವರು, ಇಲ್ಲವೇ ಸೋಂಕಿನಂಥ ಕಾರಣಕ್ಕೆ ಕತ್ತಿಯೊಂದೇ ದಾರಿಯಾದವರು. ನೀರಾವರಿ ಗದ್ದೆಯ ಇಳುವರಿಯನ್ನು ಬೆದ್ದಲಿನ ಇಳುವರಿಗೆ ಹೋಲಿಸಿ ಬೀಜದ ಗುಣ ಹೇಳಿದಂತಾಗುತ್ತದೆ. ಅಂಕಿಗಳು ಒಪ್ಪುವುದು ಇಷ್ಟನ್ನು: ಮೊದಲ ತಿಂಗಳು ದಾಟಿಸುವುದರಲ್ಲಿ ಕೊಳವೆ ಹಗುರ, ಮುಂದಿನ ದಶಕಕ್ಕೆ ದೊಡ್ಡ ಬಾಗಿಲು ಕೊಡುವುದರಲ್ಲಿ ಕತ್ತಿ ಸಮರ್ಥ.

ಮೊದಲ ದಿನದ ಎರಡು ಮಿಲಿಮೀಟರು

ಹಾಗಾಗಿ ‘ಕತ್ತಿಯೋ ಕೊಳವೆಯೋ’ ಎಂಬ ಪ್ರಶ್ನೆಯ ಅಡಿಯಲ್ಲಿ ಇರುವುದು ಜಾಗದ ಲೆಕ್ಕ. ಒಳಗಿನ ಉಂಗುರ ಎಷ್ಟು ಅಗಲ? ಪಕ್ಕದ ಓಣಿ ಎಷ್ಟು ಉಳಿದೀತು? ಎರಡಕ್ಕೂ ಉತ್ತರ ಬಹುಮಟ್ಟಿಗೆ ಬರೆಯಲ್ಪಡುವುದು ಅಜ್ಜಿಗೆ ಎಪ್ಪತ್ತಿದ್ದಾಗ, ಮೊದಲ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ. ಅಂದು ಶಸ್ತ್ರವೈದ್ಯರು 25ರ ಬದಲು 27ರ ಉಂಗುರ ಕೂರಿಸಲು ಸಾಧ್ಯವಾದರೆ, ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುವ ಚೌಕಟ್ಟು ಆರಿಸಿದರೆ, ಗೂಟಗಳನ್ನು ಓಣಿಯಿಂದ ದೂರ ತಿರುಗಿಸಿದರೆ, ಎಂಬತ್ತನಾಲ್ಕರಲ್ಲಿ ಕೊಳವೆಯ ದಾರಿ ತೆರೆದಿರುತ್ತದೆ. ಇಲ್ಲದಿದ್ದರೆ ಆ ವಯಸ್ಸಿನಲ್ಲಿ ಎಂಥ ಜಾಣ ಕೈ ಬಂದರೂ ಓಣಿಯನ್ನು ಹಿಗ್ಗಿಸಲಾರದು. ದ್ವಿದಳದ ಸ್ಥಾನಕ್ಕೆ ಜೈವಿಕ ಕವಾಟ ಹಾಕಲು ವೈದ್ಯರು 65ರ ಆಚೀಚೆಯ ವಯಸ್ಸನ್ನು ಗಡಿಯಾಗಿ ಇಟ್ಟುಕೊಳ್ಳುವುದರ ಹಿಂದೆಯೂ ಇಂಥದೇ ಲೆಕ್ಕವಿದೆ: ಈ ಕವಾಟ ಸವೆಯುವ ದಿನ ರೋಗಿಗೆ ಎಷ್ಟು ವಯಸ್ಸಾಗಿರುತ್ತದೆ?

ನಮ್ಮೂರಿನಲ್ಲಿ ಈ ಪ್ರಶ್ನೆ ಇನ್ನೂ ಮೊನಚು. ಜಪಾನಿನಲ್ಲಿ ಕವಾಟ ಕೆಟ್ಟು ಬರುವವರು ಹೆಚ್ಚಾಗಿ ಅಜ್ಜಿಯರು, ನಮ್ಮಲ್ಲಿ ಸಂಧಿವಾತ ಜ್ವರದಿಂದಾಗಿ ಮೂವತ್ತು ನಲವತ್ತರ ಹೆಂಗಸರು. ಎಳೆಯರ ಮೈಯಲ್ಲಿ ಹದ ಮಾಡಿದ ಚರ್ಮಕ್ಕೆ ಸುಣ್ಣ ಇನ್ನೂ ಬೇಗ ಕಟ್ಟುತ್ತದೆ. ಅವರ ಮುಂದಿರುವ ನಲವತ್ತು ವರ್ಷಕ್ಕೆ ಲೋಟದೊಳಗೆ ಎಷ್ಟು ಲೋಟ ಇಟ್ಟರೂ ಸಾಲದು. ಅದಕ್ಕೇ ಸೊಪ್ಪಿನ ಪಥ್ಯ ಸಹಿಸಿಯಾದರೂ ಲೋಹದ ಕವಾಟ ಇಲ್ಲಿ ಇಂದಿಗೂ ಉಳಿದಿದೆ.

ಮಿಟೊದ ಅಜ್ಜಿಯ ಓಣಿ ಅಗಲವಾಗಿಯೇ ಉಳಿಯಿತೆಂದುಕೊಳ್ಳೋಣ. ತೊಡೆಸಂದಿನಲ್ಲಿ ಒಂದು ಪಟ್ಟಿ, ಎದೆಯ ಮೇಲೆ ಹಳೆಯ ಗೆರೆ ಮಾತ್ರ. ಕೆಲವು ದಿನಗಳಲ್ಲಿ ಮನೆ. ಮನೆಗೆ ಹೊರಡುವಾಗ ಔಷಧದ ಚೀಟಿಯಲ್ಲಿ ಮತ್ತೆ ವಾರ್ಫರಿನ್, ಕೆಲವು ತಿಂಗಳ ಮಟ್ಟಿಗೆ. ಹೊಸ ಎಸಳಿಗೂ ಹಳೆಯ ಎಸಳಿಗೂ ನಡುವಿನ ಸಂದಿಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಾರದಲ್ಲ. ಹದಿನಾಲ್ಕು ವರ್ಷ ತಿಂದ ನಟ್ಟೊವನ್ನು ಅಷ್ಟು ದಿನ ಮುಚ್ಚಿಡಬೇಕು.